ಮತವಿಲ್ಲದ ಪ್ರಜೆಗಳು

2021ನೆಯ ಇಸವಿ ಅಕ್ಟೋಬರ್ 25, ಸೋಮವಾರ. ಕರ್ನಾಟಕದ ಪ್ರಾಥಮಿಕ ಪಾಠಶಾಲೆಗಳಲ್ಲಿ ಅಂದು ಹಬ್ಬದ ಸಡಗರ. ಬಾಗಿಲುಗಳಿಗೆ ಮಾವಿನ ತೋರಣ ಕಟ್ಟಿದ್ದರು. ಕೆಲವೆಡೆ ಉಪಾಧ್ಯಾಯಿನಿಯರು ಮಕ್ಕಳ ಕೈಗೆ ಹೂವು ಕೊಟ್ಟರು, ಕೆಲವೆಡೆ ಸಿಹಿ ಹಂಚಿದರು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು ಹತ್ತೊಂಬತ್ತು ತಿಂಗಳ ಮೇಲೆ ಮೊದಲ ಬಾರಿಗೆ ಶಾಲೆಯ ಹೊಸ್ತಿಲನ್ನು ದಾಟುವ ದಿನ ಅದು. ಆ ಸಂಭ್ರಮದ ನಡುವೆ ಒಂದು ವಿಚಿತ್ರವನ್ನು ಗಮನಿಸಿದವರು ಕಡಿಮೆ. ಅಂದು ಎರಡನೆಯ ತರಗತಿಯ ಕೋಣೆಗೆ ಬಂದು ಕುಳಿತ ಮಕ್ಕಳು ಒಂದನೆಯ ತರಗತಿಯ ಕೋಣೆಯಲ್ಲಿ ಒಂದು ದಿನವೂ ಕುಳಿತವರಲ್ಲ. 2020ರ ಜೂನ್ ತಿಂಗಳಲ್ಲಿ ಅವರು ಶಾಲೆಗೆ ಸೇರಬೇಕಾಗಿದ್ದಿತು. ಹೆಸರು ದಾಖಲಾಯಿತು, ವರ್ಷ ಉರುಳಿತು, ಪುಸ್ತಕದಲ್ಲಿ ತೇರ್ಗಡೆಯೂ ಆಯಿತು. ಅಕ್ಷರ ತಿದ್ದಿಸುವವರಿಲ್ಲದೆ, ಪಕ್ಕದಲ್ಲಿ ಕೂರುವ ಗೆಳೆಯರಿಲ್ಲದೆ ಆ ವರ್ಷ ಕಳೆದುಹೋಗಿದ್ದಿತು.

ರೋಗ ಬಂದಿತು, ಶಾಲೆ ಮುಚ್ಚಿತು. ರೋಗ ಇಳಿಯಿತು, ಶಾಲೆ ತೆರೆಯಿತು ಎಂದು ಈ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದುಂಟು. ಹಾಗೆ ಹೇಳಿದಾಗ ಹೊಣೆಯೆಲ್ಲವೂ ವಿಧಿಯ ಮೇಲೆ ಬೀಳುತ್ತದೆ, ಮನುಷ್ಯರೆಲ್ಲರೂ ಪಾರಾಗುತ್ತಾರೆ. ಆದರೆ ಊರಿನ ಯಾವ ಬಾಗಿಲು ಮೊದಲು ತೆರೆಯಬೇಕು, ಯಾವುದು ಕಟ್ಟಕಡೆಗೆ ತೆರೆಯಬೇಕು ಎಂಬುದನ್ನು ರೋಗಾಣು ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಸರ್ಕಾರ. ಸರ್ಕಾರದ ಕಿವಿಗೆ ಬೀಳುವುದು ಮತವುಳ್ಳವರ, ಹಣವುಳ್ಳವರ, ಬೀದಿಗಿಳಿದು ಕೂಗಬಲ್ಲವರ ದನಿ. ಹದಿನೆಂಟು ತುಂಬದ ಪ್ರಜೆಗೆ ಮತವಿಲ್ಲ. ಏಳು ವರ್ಷದ ಪ್ರಜೆಗೆ ಮನವಿ ಬರೆಯಲೂ ಬಾರದು. ಆದುದರಿಂದ ಮಕ್ಕಳ ವಿದ್ಯೆ, ಊಟ, ನೆಮ್ಮದಿ ಇವು ರಾಜಕೀಯಕ್ಕೆ ಹೊರತಾದ ವಿಷಯಗಳೆಂದು ದೊಡ್ಡವರು ಭಾವಿಸಿ ಸುಮ್ಮನಿದ್ದರೆ, ಅವುಗಳ ಪರವಾಗಿ ಮಾತನಾಡುವವರೇ ಇರುವುದಿಲ್ಲ. ಕೋವಿಡ್ ಕಾಲದ ಎರಡು ವರ್ಷಗಳಲ್ಲಿ ಕರ್ನಾಟಕದಲ್ಲಿ ಆದದ್ದು ಬಹುಮಟ್ಟಿಗೆ ಇದೇ.

ಬಾಗಿಲು ತೆರೆದ ಕ್ರಮ

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳನ್ನು ಮುಚ್ಚಿದ್ದು ತಪ್ಪೆಂದು ಯಾರೂ ಹೇಳಲಾರರು. ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಕಲಬುರಗಿಯಲ್ಲಿ ಸಂಭವಿಸಿದ್ದು ಆ ತಿಂಗಳ ಎರಡನೆಯ ವಾರದಲ್ಲಿ. ರೋಗ ಹೊಸದು, ಔಷಧಿ ತಿಳಿಯದು, ಮಕ್ಕಳ ಮೇಲೆ ಅದರ ಪರಿಣಾಮವೇನೆಂಬುದು ವೈದ್ಯರಿಗೂ ಸ್ಪಷ್ಟವಿರಲಿಲ್ಲ. ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಆ ಹೊತ್ತಿನಲ್ಲಿ ಮಕ್ಕಳನ್ನು ಮನೆಯಲ್ಲಿ ಇರಿಸಿದ್ದು ವಿವೇಕವೇ ಸರಿ.

ಪರೀಕ್ಷೆ ಬಂದದ್ದು ಬೀಗ ತೆಗೆಯುವ ಕಾಲದಲ್ಲಿ. ಮೇ 4ರಂದು ಮದ್ಯದಂಗಡಿಗಳು ತೆರೆದವು; ಬೆಂಗಳೂರಿನ ಬೀದಿಗಳಲ್ಲಿ ಅಂದು ನಿಂತಿದ್ದ ಸಾಲುಗಳನ್ನು ಜನ ಇನ್ನೂ ಮರೆತಿಲ್ಲ. ಬೊಕ್ಕಸಕ್ಕೆ ಅಬ್ಕಾರಿಯ ಆದಾಯ ಬೇಕಾಗಿದ್ದಿತು. ಜೂನ್ 8ರಂದು ದೇವಾಲಯಗಳು, ಹೋಟೆಲುಗಳು, ದೊಡ್ಡ ಮಳಿಗೆಗಳು ತೆರೆದವು. ಅಕ್ಟೋಬರ್ ಮಧ್ಯದಲ್ಲಿ ಚಿತ್ರಮಂದಿರಗಳಿಗೆ ಅರ್ಧ ಆಸನಗಳೊಡನೆ ಅನುಮತಿ ದೊರಕಿತು. 2021ರ ಫೆಬ್ರವರಿಯಲ್ಲಿ ಆ ಅರ್ಧದ ಮಿತಿಯನ್ನು ಮುಂದುವರಿಸುವುದಾಗಿ ಸರ್ಕಾರ ಹೇಳಿದಾಗ ಚಿತ್ರರಂಗದ ಪ್ರಮುಖರು ಒಟ್ಟಾಗಿ ಪ್ರತಿಭಟಿಸಿದರು. ಒಂದೆರಡು ದಿನಗಳಲ್ಲಿಯೇ ಪೂರ್ಣ ಆಸನಗಳಿಗೆ ಅಪ್ಪಣೆಯಾಯಿತು. ಚಿತ್ರರಂಗವನ್ನು ನೆಚ್ಚಿ ಬದುಕುವ ಸಾವಿರಾರು ಕುಟುಂಬಗಳುಂಟು; ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಕೇಳುವವರಿದ್ದರೆ ಆಜ್ಞೆ ಎಷ್ಟು ಬೇಗ ಬದಲಾಗುತ್ತದೆ ಎಂಬುದಕ್ಕೆ ಮಾತ್ರ ಅದು ನಿದರ್ಶನ.

ಚುನಾವಣೆಗಳೂ ನಿಲ್ಲಲಿಲ್ಲ. 2020ರ ನವೆಂಬರ್ 3ರಂದು ರಾಜರಾಜೇಶ್ವರಿನಗರ ಮತ್ತು ಶಿರಾ ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಡಿಸೆಂಬರ್ 22 ಮತ್ತು 27ರಂದು ರಾಜ್ಯದಾದ್ಯಂತ ಗ್ರಾಮ ಪಂಚಾಯಿತಿಗಳಿಗೆ ಮತದಾನವಾಯಿತು. ಹಳ್ಳಿಯಲ್ಲಿ ಮತಗಟ್ಟೆಯೆಂದರೆ ಬಹುಪಾಲು ಶಾಲೆಯ ಕೋಣೆಯೇ. ಅಜ್ಜ, ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ಆ ಕೋಣೆಗೆ ಹೋಗಿ ಬೆರಳಿಗೆ ಮಸಿ ಹಾಕಿಸಿಕೊಂಡು ಬಂದರು. ಅದೇ ಕೋಣೆಯಲ್ಲಿ ಮಣೆಯ ಮೇಲೆ ಕೂರಬೇಕಾಗಿದ್ದ ಮಗುವಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕಟ್ಟಡ ಒಂದೇ, ರೋಗ ಒಂದೇ. ಒಳಗೆ ಹೋಗುವವರಿಗೆ ಮತವಿದ್ದಿತೆ, ಇಲ್ಲವೆ ಎಂಬುದಷ್ಟೇ ವ್ಯತ್ಯಾಸ.

ಪರೀಕ್ಷೆಯೆಂಬ ದೇವರು

ಶಾಲೆ ನಡೆಸಲು ಸರ್ಕಾರಕ್ಕೆ ಶಕ್ತಿಯಿರಲಿಲ್ಲವೆನ್ನುವಂತಿಲ್ಲ. 2020ರ ಮಾರ್ಚ್‌ನಲ್ಲಿ ಮುಂದೂಡಲ್ಪಟ್ಟ ಎಸ್.ಎಸ್.ಎಲ್.ಸಿ. ಪರೀಕ್ಷೆ ಜೂನ್ 25ರಿಂದ ನಡೆಯಿತು. ನೆರೆಯ ತಮಿಳುನಾಡು, ತೆಲಂಗಾಣಗಳು ಪರೀಕ್ಷೆಯನ್ನೇ ಕೈಬಿಟ್ಟಿದ್ದುವು. ಕರ್ನಾಟಕದಲ್ಲಿ ಹೆಸರು ನೋಂದಾಯಿಸಿದ್ದವರು ಸುಮಾರು 8 ಲಕ್ಷ 48 ಸಾವಿರ ವಿದ್ಯಾರ್ಥಿಗಳು. ಅವರಿಗಾಗಿ ಬಸ್ಸುಗಳು ಓಡಿದವು, ಬಾಗಿಲಲ್ಲಿ ಜ್ವರ ನೋಡಿದರು, ಕೈ ತೊಳೆಸಿದರು, ಮುಖಗವಸು ಕೊಟ್ಟರು, ಮೇಜುಗಳನ್ನು ದೂರ ದೂರ ಇರಿಸಿದರು. ಭಯಪಟ್ಟಿದ್ದ ತಂದೆತಾಯಿಗಳೂ ಕೊನೆಗೆ ಮೆಚ್ಚಿದರು. ರೋಗದ ನಡುವೆಯೂ ಮಕ್ಕಳನ್ನು ಎಚ್ಚರಿಕೆಯಿಂದ ಒಂದೆಡೆ ಸೇರಿಸಬಹುದೆಂಬುದನ್ನು ಆ ಹತ್ತು ದಿನಗಳು ತೋರಿಸಿಕೊಟ್ಟವು.

ಆದರೆ ಆ ಶಕ್ತಿಯೆಲ್ಲವೂ ವಿನಿಯೋಗವಾದದ್ದು ಪರೀಕ್ಷೆಗೆ, ಪಾಠಕ್ಕಲ್ಲ. ಮುಂದಿನ ಆಜ್ಞೆಗಳೂ ಅದೇ ದಾರಿ ಹಿಡಿದವು. 2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿ.ಯು.ಸಿ. ತೆರೆದವು, ಬಳಿಕ ಒಂಬತ್ತು, ಫೆಬ್ರವರಿ ಕೊನೆಗೆ ಆರರಿಂದ ಎಂಟು. ಐದನೆಯ ತರಗತಿಗಿಂತ ಕೆಳಗಿನವರ ಸರದಿ ಬರಲೇ ಇಲ್ಲ. ಅಷ್ಟರಲ್ಲಿ ಎರಡನೆಯ ಅಲೆ ಎದ್ದಿತು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗಲಿಲ್ಲ, ಆಮ್ಲಜನಕ ಸಿಗಲಿಲ್ಲ, ಚಿತಾಗಾರಗಳ ಮುಂದೆ ಸಾಲು ನಿಂತಿತು. ಆಗ ಶಾಲೆಯ ಮಾತನ್ನು ಆಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕಳೆದುಹೋದದ್ದು ಅದಕ್ಕೆ ಮೊದಲಿನ ಶಾಂತವಾದ ನಾಲ್ಕೈದು ತಿಂಗಳುಗಳು. ಆ ತಿಂಗಳುಗಳು ಚಿಕ್ಕ ಮಕ್ಕಳ ಪಾಲಿಗೆ ಮತ್ತೆ ಬರಲಿಲ್ಲ.

ಬೇರೆ ದೇಶಗಳು ಈ ಸರದಿಯನ್ನು ತಿರುಗಿಸಿ ಇಟ್ಟಿದ್ದುವು. ಡೆನ್ಮಾರ್ಕಿನಲ್ಲಿ 2020ರ ಏಪ್ರಿಲ್ 15ರಂದೇ ಚಿಕ್ಕ ಮಕ್ಕಳ ತರಗತಿಗಳು ಮೊದಲು ತೆರೆದವು. ನಾರ್ವೆಯಲ್ಲಿ ಏಪ್ರಿಲ್ 20ರಂದು ಶಿಶುವಿಹಾರಗಳು, 27ರಂದು ಒಂದರಿಂದ ನಾಲ್ಕನೆಯ ತರಗತಿಗಳು ತೆರೆದವು. ದೊಡ್ಡ ಹುಡುಗರು ಕಾದರು. ಆ ದೇಶದ ಅಂದಿನ ಪ್ರಧಾನಿ ಎರ್ನಾ ಸೋಲ್ಬರ್ಗ್ ಮಾರ್ಚ್ 16ರಂದು ಮಕ್ಕಳಿಗಾಗಿಯೇ ಒಂದು ಪತ್ರಿಕಾಗೋಷ್ಠಿ ನಡೆಸಿ ಅವರ ಪ್ರಶ್ನೆಗಳಿಗೆ ಉತ್ತರ ಹೇಳಿದ್ದರು. ಹೆದರಿಕೆಯಾಗುವುದು ತಪ್ಪಲ್ಲ ಎಂದು ಸಮಾಧಾನ ಮಾಡಿದ್ದರು. ನಾರ್ವೆ ಚಿಕ್ಕ ದೇಶ, ಸಿರಿವಂತ ದೇಶ. ಅಲ್ಲಿಯ ವ್ಯವಸ್ಥೆಯನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆದರೆ ಚಿಕ್ಕವರನ್ನು ಮೊದಲು ನೆನೆಯುವುದಕ್ಕೆ ಸಿರಿ ಬೇಕಾಗಿಲ್ಲ.

ಈ ಮಾತನ್ನು ಇಲ್ಲಿಯೂ ಹೇಳಿದವರುಂಟು. 2021ರ ಜುಲೈ 20ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಿನ ಮಹಾನಿರ್ದೇಶಕ ಡಾಕ್ಟರ್ ಬಲರಾಮ್ ಭಾರ್ಗವರು, ಚಿಕ್ಕ ಮಕ್ಕಳು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ಎದುರಿಸಬಲ್ಲರು, ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದ ಆರಂಭಿಸುವುದು ಲೇಸು ಎಂದು ಬಹಿರಂಗವಾಗಿಯೇ ಹೇಳಿದರು. ಕರ್ನಾಟಕದಲ್ಲಿ ಆಗಸ್ಟ್ 23ರಂದು ಒಂಬತ್ತನೆಯ ತರಗತಿಯಿಂದ ಮೇಲಿನವು ತೆರೆದವು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಅಕ್ಟೋಬರ್ 25ರಂದು ಒಂದರಿಂದ ಐದು. ಎಲ್. ಕೆ. ಜಿ., ಯು. ಕೆ. ಜಿ. ಮತ್ತು ಅಂಗನವಾಡಿಗಳು ನವೆಂಬರ್ 8ರವರೆಗೆ ಕಾದವು. ವೈದ್ಯರು ಮೊದಲೆಂದವರು ಕಡೆಯವರಾದರು. ಕಾರಣ ಸರಳ. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಅಂಕಪಟ್ಟಿ ಉಂಟು. ಅದಕ್ಕಾಗಿ ತಂದೆತಾಯಿಗಳು ಕಾದಾಡುತ್ತಾರೆ. ಒಂದನೆಯ ತರಗತಿಯ ಮಗು ಕಳೆದುಕೊಂಡದ್ದಕ್ಕೆ ಅಂಕಪಟ್ಟಿ ಇಲ್ಲ.

ಅಂಗೈಯಗಲದ ಶಾಲೆ

ಶಾಲೆ ಮುಚ್ಚಿದ್ದರೂ ಪಾಠ ನಿಂತಿರಲಿಲ್ಲ, ಅದು ಮೊಬೈಲಿನಲ್ಲಿ ನಡೆಯುತ್ತಿದ್ದಿತು ಎನ್ನುವವರುಂಟು. ಮಲ್ಲೇಶ್ವರದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಯಜಮಾನರು ಒಂದು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕಚೇರಿಯ ಕೆಲಸ ಮಾಡುತ್ತಾರೆ. ಮನೆಯಾಕೆ ಅಡಿಗೆಯ ಮನೆಯಿಂದ ಹತ್ತು ಬಾರಿ ಬಂದು, ಮಗ ಪಾಠ ಕೇಳುತ್ತಿದ್ದಾನೆಯೆ, ಆಟ ಆಡುತ್ತಿದ್ದಾನೆಯೆ ಎಂದು ಇಣುಕುತ್ತಾಳೆ. ಮಗನಿಗೆ ಕಣ್ಣುರಿ, ಸಿಡುಕು, ಒಂಟಿತನ. ಆದರೂ ಅವನಿಗೆ ಒಂದು ಕೋಣೆಯುಂಟು, ಒಂದು ಫೋನು ಉಂಟು, ಸಂದೇಹ ಕೇಳಲು ಓದಿದ ತಾಯಿಯುಂಟು. ಅದೇ ಮನೆಗೆ ಪಾತ್ರೆ ತೊಳೆಯಲು ಬರುವವಳಿಗೂ ಒಬ್ಬಳು ಮಗಳು, ಅದೇ ವಯಸ್ಸಿನವಳು. ಮನೆಯಲ್ಲಿರುವ ಒಂದೇ ಫೋನು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಅದು ಹಿಂದಿರುಗುವ ಹೊತ್ತಿಗೆ ಪಾಠ ಮುಗಿದಿರುತ್ತದೆ, ಹಣವೂ ಮುಗಿದಿರುತ್ತದೆ. ಹಗಲಿನಲ್ಲಿ ಹುಡುಗಿ ತಾಯಿಯ ಜೊತೆಗೆ ಬಂದು ಹಿತ್ತಲಿನಲ್ಲಿ ಕೂರುತ್ತಾಳೆ. ಕೂತವಳು ಸುಮ್ಮನಿರಲಾರದೆ ಒಂದೆರಡು ಲೋಟ ತೊಳೆಯುತ್ತಾಳೆ. ಬಾಲಕಾರ್ಮಿಕತನ ಬಹುಶಃ ಹೀಗೆಯೇ, ಯಾರಿಗೂ ಕಾಣದಂತೆ, ಒಳ್ಳೆಯವರ ಮನೆಗಳಲ್ಲಿಯೇ ಆರಂಭವಾಗುತ್ತದೆ.

ಈ ಅಂಗೈಯಗಲದ ಶಾಲೆಯೂ ರಾಜಕೀಯದಿಂದ ತಪ್ಪಿಸಿಕೊಳ್ಳಲಿಲ್ಲ. 2020ರ ಜೂನ್ ತಿಂಗಳಲ್ಲಿ ಸರ್ಕಾರ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠ ಕೂಡದೆಂದಿತು. ಚಿಕ್ಕ ಮಕ್ಕಳನ್ನು ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸುವುದು ಸಲ್ಲದೆಂಬ ಕಳಕಳಿ ಅದರಲ್ಲಿದ್ದಿತು; ಫೋನಿಲ್ಲದ ಮಕ್ಕಳಿಗೆ ಅನ್ಯಾಯವಾಗುತ್ತದೆಂಬ ಮಾತೂ ಇದ್ದಿತು. ತಂದೆತಾಯಿಗಳಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು. ಜೂನ್ 15 ಮತ್ತು 27ರ ಆಜ್ಞೆಗಳಿಗೆ ಕರ್ನಾಟಕ ಉಚ್ಚ ನ್ಯಾಯಾಲಯ ಜುಲೈ 8ರಂದು ತಡೆ ನೀಡಿತು. ಸಂವಿಧಾನದ 21ನೆಯ ಮತ್ತು 21-ಎ ವಿಧಿಗಳು ಕೊಟ್ಟಿರುವ ಹಕ್ಕಿಗೆ ಅವು ಮೇಲ್ನೋಟಕ್ಕೆ ಅಡ್ಡಿಯಾಗುತ್ತವೆಂದು ಹೇಳಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿದ್ಯೆ ಸರ್ಕಾರದ ಔದಾರ್ಯವಲ್ಲ, ಮೂಲಭೂತ ಹಕ್ಕು ಎಂಬುದನ್ನು ಬಹಳ ಮಂದಿ ನೆನೆದದ್ದು ಅಂದೇ. ಆದರೆ ಫೋನೇ ಇಲ್ಲದ ಮಗುವಿಗೆ ತಡೆಯಾಜ್ಞೆಯಿಂದಲೂ ಪಾಠ ಬರಲಿಲ್ಲ.

ಸರ್ಕಾರ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳನ್ನು ಬಿತ್ತರಿಸಿತು. ಫೋನಿಗಿಂತ ಅದು ಹೆಚ್ಚು ಮನೆಗಳಿಗೆ ತಲುಪುವ ಸಾಧನವೆಂಬುದು ನಿಜ. ಆದರೆ ಅದೂ ಇಲ್ಲದ ಮನೆಗಳಿದ್ದುವು. ಮಕ್ಕಳ ಪಾಠಕ್ಕಾಗಿ ಟೆಲಿವಿಷನ್ ಕೊಳ್ಳಲು ಗದಗ ಜಿಲ್ಲೆಯ ಒಬ್ಬ ತಾಯಿ ತನ್ನ ತಾಳಿಯನ್ನೇ ಅಡವಿಟ್ಟ ವಾರ್ತೆ 2020ರ ಜುಲೈ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂದಿತು. ಓದಿದವರು ಕಣ್ಣೀರಿಟ್ಟರು, ಸಹಾಯ ಮಾಡಲು ಮುಂದೆ ಬಂದವರೂ ಉಂಟು. ತಾಯಿಯ ತ್ಯಾಗವನ್ನು ಹೊಗಳಿದ ಜನ, ಉಚಿತ ಶಿಕ್ಷಣದ ನಾಡಿನಲ್ಲಿ ತಾಳಿ ಅಡವು ಬೀಳಬೇಕಾಗಿ ಬಂದದ್ದು ಏಕೆಂದು ಕೇಳಿದ್ದು ಕಡಿಮೆ.

ಮಧ್ಯಾಹ್ನದ ಗಂಟೆ

ಪಾಠಶಾಲೆಯೆಂದರೆ ಪಾಠವಷ್ಟೇ ಎಂದು ತಿಳಿದವರು ಮಧ್ಯಾಹ್ನದ ಗಂಟೆಯ ಸದ್ದನ್ನು ಕೇಳಿದವರಲ್ಲ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭವಾದ ಅಕ್ಷರ ದಾಸೋಹ, 2013ರಲ್ಲಿ ಅದರ ಜೊತೆಗೂಡಿದ ಕ್ಷೀರಭಾಗ್ಯ, ಇವು ಬಡವರ ಮಕ್ಕಳ ಪಾಲಿಗೆ ದಿನದ ನಿಶ್ಚಿತವಾದ ಊಟ ಮತ್ತು ಒಂದು ಲೋಟ ಹಾಲು. ಶಾಲೆ ಮುಚ್ಚಿದ ದಿನ ಆ ಗಂಟೆಯೂ ನಿಂತಿತು. ಸರ್ವೋಚ್ಚ ನ್ಯಾಯಾಲಯ 2020ರ ಮಾರ್ಚ್ 18ರಂದು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡು, ಮಕ್ಕಳಿಗೆ ಊಟ ಹೇಗೆ ತಲುಪಿಸುವಿರೆಂದು ರಾಜ್ಯಗಳನ್ನು ಕೇಳಿತು. ಕರ್ನಾಟಕದಲ್ಲಿ ಅಕ್ಕಿ, ಬೇಳೆ ಹಂಚುವ ಏರ್ಪಾಡಾಯಿತು.

ಅಕ್ಕಿ, ಬೇಳೆ ದೊಡ್ಡ ಆಸರೆಯೇ. ಆದರೆ ಶಾಲೆಯ ತಟ್ಟೆಯಲ್ಲಿ ಬಡಿಸಿದ ಅನ್ನವನ್ನು ಉಣ್ಣುವುದು ಮಗು. ಮನೆಯ ಗಡಿಗೆಗೆ ಬಿದ್ದ ಅಕ್ಕಿಯನ್ನು ಉಣ್ಣುವುದು ಇಡೀ ಸಂಸಾರ. ಕೂಲಿ ಇಲ್ಲದ ತಿಂಗಳುಗಳಲ್ಲಿ ಹಿರಿಯರೂ ಹಸಿದಿದ್ದರು. ಪಾಲು ಮಾಡುವಾಗ ಹುಡುಗಿಯರ ಪಾಲು ಚಿಕ್ಕದಾಗುವುದು ಹೊಸ ಸಂಗತಿಯಲ್ಲ. ಹತ್ತಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಜಾತಿ ಮರೆತು ಕೂತು ಉಣ್ಣುವ ಅಭ್ಯಾಸವೂ ಅಕ್ಕಿಯ ಚೀಲದಲ್ಲಿ ಮನೆಗೆ ಬರುವಂಥದಲ್ಲ.

ಶಾಲೆಗಳು ತೆರೆದ ಮೇಲೆ 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಭಾಗದ ಮಕ್ಕಳಿಗೆ ಊಟದೊಡನೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡುವ ಕಾರ್ಯ ಆರಂಭವಾಯಿತು. ಅಪೌಷ್ಟಿಕತೆ ಹೆಚ್ಚಾಗಿದ್ದ ಪ್ರದೇಶವೆಂಬುದೇ ಅದಕ್ಕೆ ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು. ರಾಜಕಾರಣಿಗಳು ಎರಡೂ ಕಡೆ ನೋಡಿದರು. ಆ ಗದ್ದಲದಲ್ಲಿ ಗಂಗಾವತಿಯ ಸರ್ಕಾರಿ ಶಾಲೆಯ ಹುಡುಗಿಯರು ಮುಂದೆ ಬಂದು, ಮೊಟ್ಟೆ ತಮಗೆ ಬೇಕು, ತಾವು ಏನು ತಿನ್ನಬೇಕೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ ಎಂದು ಕ್ಯಾಮೆರಾದ ಎದುರಿಗೆ ಸ್ಪಷ್ಟವಾಗಿ ನುಡಿದರು. ನಾಡು ಬೆರಗಾಗಿ ಕೇಳಿತು. ಯೋಜನೆ ನಿಲ್ಲಲಿಲ್ಲ, ಮುಂದಿನ ವರ್ಷಗಳಲ್ಲಿ ಅದು ರಾಜ್ಯದ ಇತರ ಜಿಲ್ಲೆಗಳಿಗೂ ಹಬ್ಬಿತು. ಎರಡು ವರ್ಷಗಳ ಕಾಲ ಮಕ್ಕಳ ವಿಷಯದಲ್ಲಿ ಎಲ್ಲರೂ ಮಾತನಾಡಿದ್ದರು. ಮಕ್ಕಳೇ ಮಾತನಾಡಿದ ಅಪರೂಪದ ಪ್ರಸಂಗ ಅದು, ಆ ಮಾತು ಗೆದ್ದದ್ದೂ ಉಂಟು.

ಮನೆ ಎಲ್ಲರಿಗೂ ಒಂದೇ ಅಲ್ಲ

ಮನೆಯಲ್ಲಿಯೇ ಇರಿ, ಕ್ಷೇಮವಾಗಿರಿ ಎಂಬುದು ಆ ದಿನಗಳ ಮಂತ್ರ. ನಾಲ್ಕು ಕೋಣೆಗಳ ಮನೆಗೆ ಹೇಳಿದ ಮಂತ್ರ ಹತ್ತಡಿಯ ಮನೆಗೆ ಫಲಿಸುವುದಿಲ್ಲ. ನೂರು ವರ್ಷಗಳ ಹಿಂದೆಯೇ ಇದನ್ನು ಯೋಚಿಸಿದವರಿದ್ದರು. 1918ರ ಇನ್‌ಫ್ಲುಯೆಂಜಾ ಬೆಂಗಳೂರನ್ನು ಕಾಡಿದಂತೆಯೇ ಅಮೆರಿಕದ ನಗರಗಳನ್ನೂ ಕಾಡಿದಾಗ, ಅಲ್ಲಿಯ ಬಹುತೇಕ ನಗರಗಳು ಶಾಲೆಗಳನ್ನು ಮುಚ್ಚಿದವು. ನ್ಯೂಯಾರ್ಕ್ ಮುಚ್ಚಲಿಲ್ಲ. ಅಲ್ಲಿಯ ಆರೋಗ್ಯಾಧಿಕಾರಿ ರಾಯಲ್ ಕೋಪ್ಲೆಂಡ್, ಮಕ್ಕಳ ಆರೋಗ್ಯ ವಿಭಾಗವನ್ನು ನಡೆಸುತ್ತಿದ್ದ ವೈದ್ಯೆ ಜೋಸೆಫಿನ್ ಬೇಕರ್ ಇವರ ವಾದ ಇದು: ಬಹುಪಾಲು ಮಕ್ಕಳು ಗಾಳಿ ಬೆಳಕಿಲ್ಲದ ಕಿಕ್ಕಿರಿದ ವಠಾರಗಳಲ್ಲಿ ವಾಸಿಸುತ್ತಾರೆ, ಅದಕ್ಕಿಂತ ಶುಚಿಯಾದ ಶಾಲೆ, ದಿನವೂ ಪರೀಕ್ಷಿಸುವ ಉಪಾಧ್ಯಾಯರು ಮತ್ತು ದಾದಿಯರ ಕಣ್ಣು ಅವರಿಗೆ ಲೇಸು. ಕೋವಿಡ್ ಆ ರೋಗದಂಥದಲ್ಲ, ಕರ್ನಾಟಕದ ಎಲ್ಲ ಶಾಲೆಗಳಲ್ಲಿ ದಾದಿಯರೂ ಇಲ್ಲ. ಆದರೂ ಮಗು ಶಾಲೆಯಲ್ಲಿ ಇಲ್ಲದಾಗ ಎಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಅವರು ಮೊದಲು ಕೇಳಿದರು. ಆ ಪ್ರಶ್ನೆಗೆ ವಯಸ್ಸಾಗುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಕೊಡಲು ಒಂದು ಒಳ್ಳೆಯ ಪ್ರಯತ್ನ ಇಲ್ಲಿಯೂ ನಡೆಯಿತು. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಉಪಾಧ್ಯಾಯರು ತಾವೇ ಮಕ್ಕಳಿದ್ದ ಕಡೆಗೆ ಹೋದರು. ದೇವಸ್ಥಾನದ ಜಗಲಿ, ಸಮುದಾಯ ಭವನ, ಅರಳಿಕಟ್ಟೆ, ಮರದ ನೆರಳು ಶಾಲೆಯಾದವು. ಇಪ್ಪತ್ತು, ಇಪ್ಪತ್ತೈದು ಮಕ್ಕಳು ಬಯಲಿನಲ್ಲಿ ಕೂತು ಕಲಿತರು. ಆದರೆ ಮಕ್ಕಳಿಗೂ ಉಪಾಧ್ಯಾಯರಿಗೂ ಸೋಂಕು ತಗುಲಿದ ವರದಿಗಳು ಬಂದವು, ಉಪಾಧ್ಯಾಯರಲ್ಲಿ ಸಾವುಗಳೂ ಸಂಭವಿಸಿದವು. ಅಕ್ಟೋಬರ್ 10ರಂದು ಯೋಜನೆಯನ್ನು ತಡೆಹಿಡಿದರು. ಪ್ರಾಣಭಯದಿಂದ ಹಿಂಜರಿದ ಉಪಾಧ್ಯಾಯರನ್ನು ದೂರುವುದು ಸುಲಭ, ನ್ಯಾಯವಲ್ಲ. ಲಸಿಕೆ ಆಗಿನ್ನೂ ಬಂದಿರಲಿಲ್ಲ. ಪಾಠದ ಜೊತೆಗೆ ಸಮೀಕ್ಷೆ, ಕಾವಲು ಎಂದು ನಾನಾ ಕೆಲಸಗಳನ್ನು ಅವರ ಹೆಗಲಿಗೆ ಏರಿಸಿದ್ದರು. ಯೋಜನೆಯನ್ನು ತಿದ್ದಿ, ಸಲಕರಣೆ ಒದಗಿಸಿ ಮುಂದುವರಿಸಬಹುದಿತ್ತು. ನಿಲ್ಲಿಸುವುದು ಸುಲಭದ ದಾರಿಯಾಗಿದ್ದಿತು. ನಿಲ್ಲಿಸಿದರೆ ಯಾರೂ ಕೂಗುವುದಿಲ್ಲವೆಂಬ ಧೈರ್ಯವೂ ಇದ್ದಿತು.

ನಷ್ಟವನ್ನು ಅಳೆದವರುಂಟು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಎರಡರಿಂದ ಆರನೆಯ ತರಗತಿಯವರೆಗಿನ ಆ ಮಕ್ಕಳಲ್ಲಿ ನೂರಕ್ಕೆ 92 ಮಂದಿ, ಹಿಂದಿನ ವರ್ಷ ತಮಗೆ ಬರುತ್ತಿದ್ದ ಯಾವುದಾದರೂ ಒಂದು ಭಾಷಾ ಸಾಮರ್ಥ್ಯವನ್ನು ಮರೆತಿದ್ದರು. ಗಣಿತದಲ್ಲಿ ಮರೆತವರು ನೂರಕ್ಕೆ 82. ಅದೇ ವರ್ಷ ಕರ್ನಾಟಕದ ಹಳ್ಳಿಗಳಲ್ಲಿ ನಡೆದ ‘ಅಸರ್’ ಸಮೀಕ್ಷೆ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದವರು ಸುಮಾರು 10ಕ್ಕೆ ಇಳಿದಿದ್ದಾರೆಂದು ತೋರಿಸಿತು. ಹೊಸದನ್ನು ಕಲಿಯಲಿಲ್ಲವೆಂಬುದು ಎಲ್ಲರೂ ಊಹಿಸಿದ್ದ ಸಂಗತಿ. ಕಲಿತದ್ದೂ ಕೈಜಾರಿತೆಂಬುದು ಸಮೀಕ್ಷೆ ಹೇಳಿದ ಕಹಿ ಸತ್ಯ. ಅದನ್ನು ತುಂಬಿಕೊಡಲು 2022–23ರಲ್ಲಿ ಸರ್ಕಾರಿ ಶಾಲೆಗಳಲ್ಲಿ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನೇ ನಡೆಸಬೇಕಾಯಿತು.

ಅಳೆಯಲಾಗದ ನಷ್ಟಗಳೂ ಉಂಟು. ತಂದೆತಾಯಿಗಳನ್ನು ರೋಗಕ್ಕೆ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ ತಿಂಗಳಿಗೆ 3,500 ರೂಪಾಯಿಗಳ ಬಾಲ ಸೇವಾ ನೆರವನ್ನು ಗೊತ್ತುಪಡಿಸಿತು, ಅದು ಉಚಿತವೇ. ಆದರೆ ಮದುವೆಯಾಗಿ ಹೋದ ಎಂಟನೆಯ ತರಗತಿಯ ಹುಡುಗಿ, ಕೂಲಿಗೆ ಹೋದ ಹುಡುಗ, ಮಾತನ್ನೇ ಕಡಿಮೆ ಮಾಡಿದ ಮಗು, ಇವರಿಗೆ ಯಾವ ಯೋಜನೆಯ ಪಟ್ಟಿಯಲ್ಲಿಯೂ ಅಂಕಣವಿರಲಿಲ್ಲ. ಹಾಜರಿ ಕೂಗುವಾಗ ಉತ್ತರ ಬಾರದಿದ್ದರೆ ವಿಚಾರಿಸುವ ಉಪಾಧ್ಯಾಯರೇ ಇಂಥ ಮಕ್ಕಳ ಕಾವಲುಗಾರರು. ಹಾಜರಿಯೇ ಇಲ್ಲದ ಕಾಲದಲ್ಲಿ ಯಾರು ಇಲ್ಲವಾದರೆಂಬುದು ತಿಳಿಯುವುದು ಹೇಗೆ?

ದೊಡ್ಡವರ ಪಾಲು

ಹಾಗಾದರೆ ನಗರದ ವಿದ್ಯಾವಂತ ಕುಟುಂಬಗಳು ಆ ಕಾಲದಲ್ಲಿ ಸರ್ಕಾರವನ್ನು ಏನೂ ಕೇಳಲಿಲ್ಲವೆ? ಕೇಳಿದವು, ಶುಲ್ಕದ ವಿಷಯದಲ್ಲಿ ಗಟ್ಟಿಯಾಗಿಯೇ ಕೇಳಿದವು. ಸಂಬಳ ಕಡಿತವಾಗಿದ್ದ ತಂದೆತಾಯಿಗಳು ಪೂರ್ಣ ಶುಲ್ಕ ಕೊಡಲಾರೆವೆಂದರು. ಉಪಾಧ್ಯಾಯರಿಗೆ ಸಂಬಳ ಕೊಡಲು ಹಣವಿಲ್ಲವೆಂದು ಖಾಸಗಿ ಶಾಲೆಗಳ ಆಡಳಿತ ವರ್ಗದವರು ಹೇಳಿದರು. 2021ರ ಜನವರಿ 29ರಂದು ಸರ್ಕಾರ ಬೋಧನಾ ಶುಲ್ಕದ ನೂರಕ್ಕೆ 70ರಷ್ಟನ್ನು ಮಾತ್ರ ಪಡೆಯಬೇಕೆಂದಿತು. ಇಬ್ಬರಿಗೂ ತೃಪ್ತಿಯಾಗಲಿಲ್ಲ; ಇಬ್ಬರೂ ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಶುಲ್ಕ ಚಿಕ್ಕ ವಿಷಯವಲ್ಲ; ಅನೇಕ ಮನೆಗಳಿಗೆ ಅದು ಜೀವನ್ಮರಣದ ಪ್ರಶ್ನೆಯೇ ಆಗಿದ್ದಿತು. ಆದರೆ ಅದೇ ಉತ್ಸಾಹದಿಂದ, ಒಂದನೆಯ ತರಗತಿ ಎಂದು ತೆರೆಯುತ್ತದೆ, ಬಿಸಿಯೂಟದ ಅಕ್ಕಿ ಸಕಾಲಕ್ಕೆ ಬಂದಿತೆ, ಫೋನಿಲ್ಲದ ಮಕ್ಕಳ ಗತಿಯೇನು ಎಂದು ಎಷ್ಟು ಮಂದಿ ಕೇಳಿದರು? ತಮ್ಮ ಮಗನಿಗೆ ಫೋನು ಕೊಡಿಸಿದ ಮನೆಗೆ ಪಾತ್ರೆ ತೊಳೆಯುವವಳ ಮಗಳ ಶಾಲೆ ತನ್ನ ವಿಷಯವೆನಿಸಲಿಲ್ಲ. ಓದುಬಲ್ಲ, ಬರೆಯಬಲ್ಲ, ಅಧಿಕಾರಿಗಳಿಗೆ ಪತ್ರ ಹಾಕಬಲ್ಲ ಜನ ಸುಮ್ಮನಾದಾಗ ಉಳಿದವರ ದನಿ ವಿಧಾನಸೌಧದವರೆಗೆ ಕೇಳಿಸುವುದು ಕಷ್ಟ.

ಕೇಳಿದರೆ ಫಲವುಂಟು ಎಂಬುದಕ್ಕೂ ಅದೇ ಕಾಲದಲ್ಲಿ ಸಾಕ್ಷಿ ದೊರಕಿತು. 2022ರ ಜನವರಿಯಲ್ಲಿ ಮೂರನೆಯ ಅಲೆ ಬಂದಾಗ ಬೆಂಗಳೂರಿನಲ್ಲಿ ಕೆಳಗಿನ ತರಗತಿಗಳನ್ನು ಮತ್ತೆ ಮುಚ್ಚಿದರು. ಈ ಬಾರಿ ಅದು ಹತ್ತೊಂಬತ್ತು ತಿಂಗಳಾಗಲಿಲ್ಲ. ಜನವರಿ 31ರಂದು ಶಾಲೆಗಳು ತೆರೆದವು. ರೋಗ ಸೌಮ್ಯವಾಗಿದ್ದುದು, ದೊಡ್ಡವರಿಗೆ ಲಸಿಕೆಯಾಗಿದ್ದುದು ಕಾರಣಗಳು ನಿಜ. ಶಾಲೆ ಮುಚ್ಚಿದರೆ ಏನಾಗುತ್ತದೆಂಬುದನ್ನು ತಂದೆತಾಯಿಗಳೂ ವೈದ್ಯರೂ ಆ ವೇಳೆಗೆ ಬಾಯಿಬಿಟ್ಟು ಹೇಳತೊಡಗಿದ್ದುದೂ ಒಂದು ಕಾರಣ.

ಇನ್ನೊಂದು ಸಾಂಕ್ರಾಮಿಕ ಬಾರದಿರಲಿ ಎಂದು ಎಲ್ಲರೂ ಪ್ರಾರ್ಥಿಸಬಹುದು. ಪ್ಲೇಗನ್ನೂ, ಇನ್‌ಫ್ಲುಯೆಂಜಾವನ್ನೂ, ಕೋವಿಡ್ಡನ್ನೂ ಕಂಡ ನಾಡು ಪ್ರಾರ್ಥನೆಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ಮುಚ್ಚಲೇಬೇಕಾದ ಸಂದರ್ಭದಲ್ಲಿ ಶಾಲೆ ಕಡೆಯದಾಗಿ ಮುಚ್ಚುವ, ಮೊದಲನೆಯದಾಗಿ ತೆರೆಯುವ, ತೆರೆಯುವಾಗ ಚಿಕ್ಕವರಿಂದ ಆರಂಭಿಸುವ ನಿಯಮವನ್ನು ಶಾಂತಿಯ ಕಾಲದಲ್ಲಿಯೇ ಬರೆದಿಡಬೇಕು. ಬಾಗಿಲು ಮುಚ್ಚಿದರೂ ಊಟ ನಿಲ್ಲದ ಏರ್ಪಾಡು ಅದರಲ್ಲಿರಬೇಕು. ಬಯಲಿನಲ್ಲಿ ಪಾಠ ಹೇಳುವ ಉಪಾಧ್ಯಾಯರ ರಕ್ಷಣೆಗೆ ಏನೇನು ಬೇಕೆಂಬುದೂ ಇರಬೇಕು. ಪ್ರತಿಯೊಂದು ಸರ್ಕಾರಿ ಶಾಲೆಗೂ ತಂದೆತಾಯಿಗಳೇ ಇರುವ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು; ಅದರ ಸಭೆಯಲ್ಲಿ ಈ ಮಾತನ್ನು ಎತ್ತಬಹುದು. ಚುನಾವಣೆ ಬಂದಾಗ ಮತ ಕೇಳಲು ಮನೆಬಾಗಿಲಿಗೆ ಬರುವವರು ರಸ್ತೆ, ನೀರು, ಚರಂಡಿಗಳ ವಿಷಯಕ್ಕೆ ಸಿದ್ಧವಾಗಿ ಬಂದಿರುತ್ತಾರೆ. ಮಕ್ಕಳ ವಿಷಯವನ್ನು ಯಾರೂ ಕೇಳದಿರುವುದರಿಂದ ಅದಕ್ಕೆ ಉತ್ತರ ಸಿದ್ಧವಿರುವುದಿಲ್ಲ. ಮನೆಯಾಕೆ ಅಂಥವರನ್ನು ಬಾಗಿಲಲ್ಲಿ ಎರಡು ನಿಮಿಷ ನಿಲ್ಲಿಸಿ, ಮುಂದಿನ ಸಲ ಬೀಗ ಬಿದ್ದರೆ ಯಾವ ಬಾಗಿಲನ್ನು ಮೊದಲು ತೆರೆಯುವಿರಿ ಎಂದು ಕೇಳಲಿ. ಕೇಳುವಾಗ ತನ್ನ ಮಗನನ್ನು ನೆನೆದಂತೆಯೇ ಹಿತ್ತಲಿನಲ್ಲಿ ಲೋಟ ತೊಳೆಯುತ್ತ ಕುಳಿತ ಆ ಹುಡುಗಿಯನ್ನೂ ನೆನೆಯಲಿ.